‘ಊರು’ ಉಂಟು, ಕಾಣುವುದಿಲ್ಲ ಅಷ್ಟೇ

ಪರ್ಕಳದ ಬಾಡಿಗೆ ಕೋಣೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಕುಶಲಾ ಮುಖ ತೊಳೆಯುವ ಮೊದಲೇ ಲ್ಯಾಪ್‌ಟಾಪ್ ತೆರೆದಿದ್ದಾರೆ. ಕಾಪುವಿನಿಂದ ಸೋದರಮಾವ ಉಮಾನಾಥರ ಫೋನ್. ಮಲ್ಪೆಯ ಮೀನುಗಾರರಿಗೆ ಜೋರು ಗಾಳಿಯ ಎಚ್ಚರಿಕೆಯ ಮೆಸೇಜ್ ಬಂದಿದೆಯಂತೆ, ಕಾಪುವಿನವರಿಗಿಲ್ಲ. ಅಲ್ಲಿ ಕಡಲಿಗೆ ದೋಣಿ ಇಳಿಸುವ ತಯಾರಿ ನಡೆದಿದೆ. ನಿಲ್ಲಿಸಿ ಎಂದು ಕುಶಲಾ ಅಂಗಲಾಚಿದರೆ, "ನಾನು ಹೇಳಿದರೆ ಯಾರು ಕೇಳ್ತಾರೆ? ಮೆಸೇಜ್ ಬಂದರೆ ಕೇಳ್ತಾರೆ" ಎನ್ನುತ್ತಾರೆ ಮಾವ.

ಆ ಮೆಸೇಜ್ ಕಳಿಸುವ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮನ್ನು ನೋಡಿಕೊಳ್ಳುವವರು ಮಣಿಪಾಲದ ಸಣ್ಣ ಕಂಪನಿಯೊಂದರ ಉದ್ಯೋಗಿ, ಇದೇ ಕುಶಲಾ. ಇವರಿಗೆ ಏನೋ ಕಂಪ್ಯೂಟರ್ ಕೆಲಸ ಎಂದಷ್ಟೇ ಮಾವನಿಗೆ ಗೊತ್ತು, ಇದು ಗೊತ್ತಿಲ್ಲ. ಮೆಸೇಜ್ ಬಂದರೆ ಕಳಿಸಿದವರನ್ನು ಯಾರೂ ನೆನೆಯುವುದಿಲ್ಲ, ಬಾರದಿದ್ದರೆ ಬೈಗುಳ ಗ್ಯಾರಂಟಿ!

ಡಿಬಗರ್ ಎಂದರೆ ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಸಾಧನ. ಯಾವ ಊರಿಗೆ ಮೆಸೇಜ್ ಹೋಗಬೇಕೆಂಬುದನ್ನು ಪ್ರೋಗ್ರಾಂ ‘ಊರು’ ಎಂಬ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ; ಕುಶಲಾ ಕಾಪುವಿನ ಭಾಗದಲ್ಲಿ ನಿಲ್ಲಿಸಿ ಆ ‘ಊರು’ ಯಾವುದೆಂದು ಕೇಳುತ್ತಾರೆ. ಉತ್ತರ ಖಾಲಿ. ನಿನ್ನೆ ಕಾಪುವಿನ ದೋಣಿಗಳನ್ನು ಆರಿಸಲು ಹೇಳಿದಾಗ ಇದೇ ಡಿಬಗರ್ ‘ಊರು’ ಎಂಬ ಹೆಸರೇ ಇಲ್ಲ ಎಂದಿತ್ತು. ಅದನ್ನು ನಂಬಿ ಅಲ್ಲೇ ಖಾಲಿ ‘ಊರು’ ಎಂಬ ಸಾಲೊಂದನ್ನು ಬರೆದು ಸೇರಿಸಿದವರು ಬೇರಾರೂ ಅಲ್ಲ, ಸ್ವತಃ ಕುಶಲಾ. ಊರೇ ಖಾಲಿಯಾದ ಮೇಲೆ ಆ ಊರಿನ ದೋಣಿಗಳು ಸಿಗುವುದೆಲ್ಲಿಂದ?

ಆ ಸಾಲನ್ನು ಅಳಿಸಿ, ಪ್ರೋಗ್ರಾಮನ್ನು ಮತ್ತೆ ಓಡಿಸಿ, ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ‘ಊರು’ ಈಗ ‘ಕಾಪು’ ಎನ್ನುತ್ತದೆ. ಆದರೆ ಈ ಊರಿನ ದೋಣಿಗಳನ್ನೆಲ್ಲ ಆರಿಸಿಕೊಡು ಎಂದರೆ ಡಿಬಗರಿನದು ಮತ್ತದೇ ರಾಗ, ಆ ಹೆಸರು ಗೊತ್ತಿಲ್ಲ! ಇವತ್ತು ಕುಶಲಾ ನಂಬುವುದಿಲ್ಲ.

"ಮನೆಯಲ್ಲಿ ನನ್ನನ್ನು ಪುಟ್ಟಿ ಅಂತ ಕರೀತಾರೆ. ಗೇಟಿನ ಹೊರಗೆ ಬಂದು ಪುಟ್ಟಿ ಯಾರು ಅಂತ ಕೇಳಿದರೆ ಯಾರಿಗೆ ಗೊತ್ತುಂಟು? ಹಾಗಂತ ನಾನು ಇಲ್ಲವಾ?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ನಗುತ್ತಾರೆ. ಈ ಹಳೆಯ ಪೈಥಾನಿನಲ್ಲಿ ಆರಿಸುವ ಕೆಲಸ ನಡೆಯುವುದು ಬೇರೆಯೇ ಒಂದು ಕೋಣೆಯಲ್ಲಿ. ಡಿಬಗರಿನಲ್ಲಿ ಕೇಳಿದಾಗ ಈ ಭಾಗದ ಒಳಗಿನ ಹೆಸರುಗಳು ಆ ಕೋಣೆಗೆ ಮುಟ್ಟುವುದಿಲ್ಲ. ಪ್ರೋಗ್ರಾಂ ತಾನಾಗಿ ಓಡುವಾಗ ಈ ತೊಂದರೆಯೇ ಇಲ್ಲ.

ಕುಶಲಾ ‘ಇಂಟರ‍್ಯಾಕ್ಟ್’ ಎಂದು ಟೈಪ್ ಮಾಡುತ್ತಾರೆ. ಒಳಗಿನ ಹೆಸರುಗಳೆಲ್ಲ ಕಾಣುವ ಕಿಟಕಿ ಅದು. ಅದೇ ಪ್ರಶ್ನೆಗೆ ಈಗ ಕಾಪುವಿನ ದೋಣಿಗಳು ಒಂದೊಂದಾಗಿ ಇಳಿದು ಬರುತ್ತವೆ, ಮಾವನ ದೋಣಿಯೂ ಉಂಟು. ಜೀವ ಬಂದಂತಾಗಿ ಮೆಸೇಜ್ ಕಳಿಸುತ್ತಾರೆ.

ಚಹಾ ಕುದಿಯುವಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಳ್ಳುತ್ತದೆ.

"ಮೆಸೇಜ್ ಬಂತು ಮಾರಾಯ್ತಿ. ಎಲ್ಲರೂ ದೋಣಿ ಮೇಲೆ ಎಳೆದರು. ಆ ಆಫೀಸಿನವರು ಸಿಕ್ಕಿದರೆ ಹೇಳು, ತಡ ಮಾಡಿದರು, ಆದರೂ ಒಳ್ಳೇದಾಯ್ತು ಅಂತ."

"ಹೇಳ್ತೇನೆ ಮಾವ" ಎನ್ನುತ್ತಾರೆ ಆ ಆಫೀಸಿನವರು.