ಮುಯ್ಯಾಳು ಬೇಲಿ ದಾಟಲಿಲ್ಲ

ನಮ್ಮ ಊರಿಗೆ ಗೇರುಬೀಜದ ಕಾರ್ಖಾನೆ ಬಂದ ವರ್ಷವೇ ನಾನು ಸೇರಿದೆ. ಆಸೆಪಟ್ಟು ಸೇರಿದ್ದಲ್ಲ, ಅತ್ತೆ ಕಳಿಸಿದರು. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಅಲ್ಲಿಂದ ಬರುತ್ತಿದ್ದದ್ದು ಕಾಗದ ಮಾತ್ರ. ಬೆಳಿಗ್ಗೆ ಸೈರನ್ ಕೂಗಿದರೆ ಗೇಟು ಹಾಕುತ್ತಿದ್ದರು, ಆಮೇಲೆ ಸಂಜೆಯೇ ತೆಗೆಯುವುದು. ಬೀಜ ಒಡೆದು ಒಡೆದು ಸಿಪ್ಪೆಯ ಎಣ್ಣೆಗೆ ಕೈ ಸುಟ್ಟು ಕಪ್ಪಾಗುತ್ತಿತ್ತು. ಬೂದಿ ಹಚ್ಚಿಕೊಂಡು ಕೂತರೂ ಚರ್ಮ ಸುಲಿಯುತ್ತಿತ್ತು.

ತವರು ಬಿಜೂರಿನಲ್ಲಿ ನನ್ನ ಅಬ್ಬಿಗೆ, ಅಂದರೆ ಅಮ್ಮನಿಗೆ, ಒಂದು ತುಂಡು ಗದ್ದೆ ಇತ್ತು. ಅಬ್ಬಿಗೆ ಮೊಣಕಾಲು ನೋವು, ಬಗ್ಗಿ ನೆಡಲು ಆಗುತ್ತಿರಲಿಲ್ಲ. ನೆರೆಯ ಹೆಂಗಸರೆಲ್ಲ ಮುಯ್ಯಾಳಿಗೆ ಬರುತ್ತಿದ್ದರು. ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮ ಗದ್ದೆ, ಕೂಲಿ ಇಲ್ಲ. ಅಬ್ಬಿಯ ಬದಲು ಅವರ ಗದ್ದೆಗಳಿಗೆ ತಿರುಗಿ ಹೋಗಿ ನೆಡುತ್ತಿದ್ದವಳು ನಾನು. ಒಬ್ಬಳಿಗೆ ಆಗದಿದ್ದರೆ ಅದೇ ಮನೆಯ ಇನ್ನೊಬ್ಬಳು ಹೋದರೆ ಸಾಕು, ಯಾರೂ ಕೇಳುತ್ತಿರಲಿಲ್ಲ.

ಅಬ್ಬಿಯ ಗದ್ದೆ ನಟ್ಟಿಯ ದಿನ ನಾನು ಅದೇ ಲೆಕ್ಕ ಹಾಕಿದೆ. ನಾದಿನಿಯನ್ನು ನನ್ನ ಜಾಗಕ್ಕೆ ಕಾರ್ಖಾನೆಗೆ ಕಳಿಸಿ ಬಿಜೂರಿಗೆ ಹೋದೆ. ಗೇಟಿನಲ್ಲಿ ಮೇಸ್ತ್ರಿ ಅವಳನ್ನು ತಡೆದನಂತೆ.

"ಹ್ವಾಯ್, ಈ ನಂಬ್ರ ನಿಂದಲ್ಲ."

"ಅತ್ತಿಗಿ ಬದ್ಲಿಗ್ ನಾನ್ ಬಂದದ್. ಒಂದೇ ಮನಿ ಅಲ್ದಾ?"

"ಇದೆಂತ ಗದ್ದಿ ಅಂದ್ಕಂಡ್ಯಾ ಮಾರಾಯ್ತಿ?"

ಬೈದರೂ ಒಳಗೆ ಬಿಟ್ಟ. ಅವಳ ಕೈ ನನಗಿಂತ ಚುರುಕು. ಮಾರನೇ ದಿನ ಅವಳಿಗೂ ಒಂದು ನಂಬರು ಕೊಟ್ಟು ನನ್ನ ಪಕ್ಕದಲ್ಲೇ ಕೂರಿಸಿದ. ಅತ್ತೆಗೆ ಸಂತೋಷವೋ ಸಂತೋಷ. ನನ್ನನ್ನು ಕರೆದು ಮೇಸ್ತ್ರಿ ಹೇಳಿದ್ದು ಇಷ್ಟೇ: "ಇನ್ನೊಂದ್ ದಿನ ತಪ್ಸಿರೆ ಮತ್ತ್ ಬಪ್ಪುದ್ ಬ್ಯಾಡ."

ಅಬ್ಬಿಯ ಗದ್ದೆಗೆ ಏಳು ಜನ ಬಂದಿದ್ದರು. ನಾನು ಏಳು ದಿನ ತಿರುಗಿ ಹೋಗಬೇಕಿತ್ತು. ಈಗ ನಮ್ಮ ಮನೆಯ ಇಬ್ಬರೂ ಗೇಟಿನ ಒಳಗೆ.

ಒಂದು ಮಧ್ಯಾಹ್ನ ಆ ಏಳು ಜನರಲ್ಲೊಬ್ಬಳು ಬಸ್ಸು ಹತ್ತಿ ಬಂದು ಗೇಟಿನ ಆಚೆ ನಿಂತಳು. ಮಳೆ ಹೊಯ್ಯುತ್ತಿತ್ತು. ಸರಳಿನ ಸಂದಿಯಲ್ಲೇ ಮಾತು.

"ನಾಳೆ ನಮ್ ಗದ್ದಿ ನಟ್ಟಿ. ನೀ ಬತ್ಯಾ, ಇಲ್ಯಾ?"

"ಇಲ್ಲಿ ಬಿಡುದಿಲ್ಲೆ. ಕೂಲಿ ಕೊಡ್ತೆ, ಬೇರೆ ಯಾರನ್ನಾರೂ ಕರ್ಕೊ."

ಅವಳು ನನ್ನ ಕೈಯನ್ನೇ ನೋಡಿದಳು. "ನಾನ್ ನಿನ್ ಅಬ್ಬಿ ಗದ್ದಿಗ್ ಕೂಲಿಗ್ ಬಂದದ್ದಾ? ನಿಂಗ್ ಈಗ ದುಡ್ಡ್ ಬಂತಲ್ದಾ, ಇಟ್ಕೊ."

ನಾನು ಅವಮಾನ ಮಾಡಲು ಹೇಳಿದ್ದಲ್ಲ. ಕಾರ್ಖಾನೆಯಲ್ಲಿ ಕೂತು ನಾಲ್ಕು ತಿಂಗಳಾಗಿತ್ತು, ದಿನ ಅಂದರೆ ಕೂಲಿ ಅಂತ ಬಾಯಿಗೆ ಅದೇ ಬಂತು. ಅವಳು ಕೊಡೆ ಹಿಡಿದುಕೊಂಡು ಹೋದಳು. ಉಳಿದ ಆರು ಜನಕ್ಕೆ ಹೇಳದೆ ಇರುತ್ತಾಳಾ?

ಕಾರ್ಖಾನೆ ಬಿಡಬಹುದಿತ್ತಲ್ಲ ಅಂತ ಮೊಮ್ಮಗಳು ಈಗ ಕೇಳುತ್ತಾಳೆ. ಕೇಳುವುದು ಸುಲಭ. ಒಲೆಯ ಮೇಲಿನ ಅಕ್ಕಿ ಆ ಬೀಜದಿಂದಲೇ ಬರುತ್ತಿತ್ತು. ಅತ್ತೆ ದಿನಾ ಸೈರನ್ನಿಗೆ ಮೊದಲೇ ಚಾ ಕುಡಿಸಿ ದೂಡುತ್ತಿದ್ದರು.

ಮರುವರ್ಷ ಅಬ್ಬಿಯ ಗದ್ದೆಗೆ ಒಬ್ಬಳೂ ಇಳಿಯಲಿಲ್ಲ. ಸಸಿ ಮಾತ್ರ ಬೆಳೆದಿತ್ತು. ಅಬ್ಬಿ ಹೇಳಿ ಕಳಿಸಿದಳು, ನಾನು ಭಾನುವಾರ ಬರುತ್ತೇನೆ ಅಂದೆ. ಎರಡು ಭಾನುವಾರ ಹೋಗಿ ಒಬ್ಬಳೇ ನೆಟ್ಟೆ, ಕಾಲು ಭಾಗವೂ ಆಗಲಿಲ್ಲ. ಮೂರನೇ ಭಾನುವಾರ ಹೋಗುವಾಗ ಉಳಿದ ಸಸಿ ಗಂಟು ಬಿಟ್ಟು ಬಲಿತಿತ್ತು, ನೆಟ್ಟರೂ ಪ್ರಯೋಜನವಿಲ್ಲ. ಅಬ್ಬಿ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಳು.

"ಕೊಯ್ದ್ ದನಕ್ಕ್ ಹಾಕ್" ಅಂದಳು.

ಕೊಯ್ದು ಹಾಕಿದೆ. ಕೈಯ ಗಾಯಕ್ಕೆ ಕೆಸರು ತಾಗಿ ಉರಿಯುತ್ತಿತ್ತು. ಸಂಜೆಯ ಬಸ್ಸಿಗೆ ಹೊರಟೆ, ಸೋಮವಾರ ಗೇಟು ಹಾಕುವ ಮೊದಲು ಒಳಗಿರಬೇಕಿತ್ತು.