ಗೌಡರ ಮೂಲೆ ಕಾಲಾಳು

ಆ ಆಟ ಡ್ರಾ ಆಗುವಂಥದ್ದಲ್ಲ. ನಂಜೇಗೌಡರು ಗೆಲ್ಲುತ್ತಿದ್ದರು. ಅದು ಗೊತ್ತಿದ್ದೂ ನಾನು ಅವರನ್ನು ಡ್ರಾಕ್ಕೆ ಒಪ್ಪಿಸಿದೆ — ಪತ್ರಿಕೆಯ ನನ್ನ ಚದುರಂಗದ ಅಂಕಣದಲ್ಲಿ ಆಟ ಸಮವಾಗಿತ್ತೆಂದೇ ಬರೆದೆ.

ಗೌಡರು ಮಾಕಳಿಯವರು. ಹೊಲದಲ್ಲಿ ಶೆಡ್ಡು ಕಟ್ಟಿಸಿ, ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟು, ಹಗಲೆಲ್ಲ ಮಣೆಯ ಮುಂದೆ ಕೂರುವ ಜಂಬದ ಮನುಷ್ಯ. ನನ್ನ ಅಂಕಣ ಓದಿ ಸವಾಲು ಹಾಕಿದರು. ನಾನಿರುವುದು ನಾಗಸಂದ್ರದಲ್ಲಿ. ದಿನಕ್ಕೊಂದು ನಡೆ, ಮೊಬೈಲ್ ಸಂದೇಶದಲ್ಲಿ. ಕಂಪ್ಯೂಟರಿನ ಸಹಾಯ ಪಡೆಯುವಂತಿಲ್ಲ ಎಂದು ಮಾತಾಗಿತ್ತು.

ಅವರ ಆರಂಭ ಯಾವಾಗಲೂ ಒಂದೇ — ಆನೆಯ ಮುಂದಿನ ಮೂಲೆ ಕಾಲಾಳನ್ನು ಎರಡು ಮನೆ ತಳ್ಳುವುದು. ಬಲ್ಲವರು ಯಾರೂ ಒಪ್ಪದ ನಡೆ. ನಾನು ಫೋನಿನಲ್ಲೇ ನಕ್ಕಿದ್ದೆ.

"ನಗ್ರೀ ಸಾರ್, ನಗ್ರೀ. ಮೂಲೆ ಸೈಟಿಗೇ ರೇಟು ಜಾಸ್ತಿ, ತಿಳ್ಕಳಿ."

ಕೆಲವು ವಾರಗಳಲ್ಲಿ ನನ್ನ ರಾಜ ಅದೇ ಮೂಲೆಯಲ್ಲಿ ಸಿಕ್ಕಿಬಿದ್ದ. ಕಚೇರಿಯಲ್ಲಿ, ಊಟದ ಹೊತ್ತಿನಲ್ಲಿ — ಮಾತು ಮುರಿದು — ಆಟವನ್ನು ಕಂಪ್ಯೂಟರಿಗೆ ಉಣಿಸಿದೆ. ಆ ಕಾಲಾಳು ತೆರೆದ ದಾರಿಯಲ್ಲಿ ಗೌಡರು ಆನೆಯನ್ನು ಬಲಿ ಕೊಟ್ಟರೆ ನನಗೆ ಉಳಿವಿರಲಿಲ್ಲ. ಅದು ಅವರ ಕಣ್ಣಿಗೆ ಬೀಳುವ ಮೊದಲೇ ಡ್ರಾ ಕೇಳಿದೆ.

ಅವರು ಫೋನ್ ಮಾಡಿದರು. ದನಿಯಲ್ಲಿ ಜಂಬವಿರಲಿಲ್ಲ.

"ಅಂಕಣ ಬರೆಯೋರು ನೀವು, ಅದ್ಕೇ ಕೇಳ್ತೀನಿ. ಇದ್ರಾಗೆ ನಂಗೇನಾರ ಐತಾ ಸಾರ್?"

"ಏನೂ ಇಲ್ಲ ಗೌಡ್ರೇ. ಸಮ ಇದೆ."

"ಅಂಗಾರೆ ಡ್ರಾ, ಬಿಡಿ."

ಅವರು ಕೇಳಿದ್ದು ಅಂಕಣಕಾರನನ್ನು. ಉತ್ತರ ಕೊಟ್ಟವನು ಎದುರಾಳಿ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು — ಸೋಲಿನ ಅಂಚಿಗೆ ಹೋಗಿಬಂದ ಸಿಟ್ಟೋ ಏನೋ — ಆ ಆರಂಭದಲ್ಲಿ ಹುರುಳಿಲ್ಲ ಎಂದೂ ಅಚ್ಚು ಹಾಕಿಸಿದೆ. ಮುಂದಿನ ಆಟದಲ್ಲಿ ಗೌಡರು ಎಲ್ಲರಂತೆ ರಾಜನ ಮುಂದಿನ ಕಾಲಾಳನ್ನು ನೂಕಿದರು. ಕೀಟಲೆಯ ಮಾತೊಂದೂ ಬರಲಿಲ್ಲ. ಬೇಗ ಸೋತರು. ಮತ್ತೆ ಆಟಕ್ಕೆ ಕರೆಯಲಿಲ್ಲ.

ವರ್ಷಗಳಾದವು. ಮೊನ್ನೆ ಮೆಟ್ರೊ ನಿಲ್ದಾಣದಲ್ಲಿ ಸಿಕ್ಕರು. ಇನ್ನೂ ಆಡುತ್ತೀರಾ ಎಂದೆ.

"ಬಿಟ್ಬಿಟ್ಟೆ ಸಾರ್. ಇಷ್ಟ್ ವರ್ಸ ತಪ್ಪು ನಡೇನೇ ಆಡ್ಕಂಡ್ ಬಂದಿದ್ನಲ್ಲಾ, ನಾನೆಂಥ ದಡ್ಡ!"

ನಕ್ಕರು. ನಾನೂ ನಕ್ಕು ರೈಲು ಹತ್ತಿದೆ.

ಬೇರೆಯವರ ತಪ್ಪಿಗೆ ತಿದ್ದುಪಡಿ ಹಾಕುತ್ತಲೇ ಪತ್ರಿಕೆಯಲ್ಲಿ ಬದುಕಿದವನು ನಾನು. ನನ್ನದು ಹಾಗೇ ಉಳಿದಿತ್ತು. ಈ ವಾರದ ಅಂಕಣದಲ್ಲಿ ಹೊಸ ಆಟವಿಲ್ಲ. ಗೌಡರೇ, ಅವತ್ತು ನೀವು ಕೇಳಿದ್ದಕ್ಕೆ ಉತ್ತರ ಮಾತ್ರ ಇದೆ:

ಇತ್ತು. ಗೆಲುವೇ ಇತ್ತು. ನಿಮ್ಮ ಮೂಲೆ ಕಾಲಾಳಿನಿಂದಲೇ.