ತೊಟ್ಟಿಲ ಕೊಂಡಿಗೆ ಕೊರೆದ ತೂತು

1974ರ ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಮನಗೂಳಿಯ ಹೊಸ ಮನೆಯೊಂದರ ಪಡಸಾಲೆಯಲ್ಲಿ ಸ್ಲ್ಯಾಬಿಗೆ ತೂಗುಹಾಕಿದ್ದ ಜೋಳದ ಚೀಲ ಕೊಂಡಿಸಮೇತ ನೆಲಕ್ಕೆ ಬಿತ್ತು. ಶುಕ್ರವಾರ ಅದೇ ಕೊಂಡಿಗೆ ಹದಿಮೂರು ದಿನದ ಕೂಸಿಗೆ ಹೆಸರಿಡುವ ತೊಟ್ಟಿಲು ಕಟ್ಟಬೇಕಿತ್ತು.

ಆಗ ನಾನು ಬಸವನ ಬಾಗೇವಾಡಿಯಲ್ಲಿದ್ದು ಸುತ್ತಲಿನ ಮನೆ ಕಟ್ಟಡಗಳ ಮೇಲ್ವಿಚಾರಣೆ ನೋಡುತ್ತಿದ್ದೆ. ಈ ಮನೆ ಬಟ್ಟೆ ವ್ಯಾಪಾರಿ ಗುರುಪಾದಪ್ಪನವರದು. ಆ ಓಣಿಗೆ ಮೊದಲ ಕಾಂಕ್ರೀಟ್ ಸ್ಲ್ಯಾಬ್. ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಕಟ್ಟಿಗೆಯ ತೊಲೆ ಇರುತ್ತಿತ್ತು, ಬೇಕಾದಾಗ ಕೊಂಡಿ ಹೊಡೆದರಾಯಿತು. ಸ್ಲ್ಯಾಬಿನಲ್ಲಾದರೆ ಕಾಂಕ್ರೀಟ್ ಸುರಿಯುವ ಮೊದಲೇ ಕೊಂಡಿಯನ್ನು ಒಳಗಿನ ಸರಳಿಗೆ ಕಟ್ಟಿರಬೇಕು. ಮನೆಯವರು ಹೇಳಲಿಲ್ಲ, ಗೌಂಡಿ ಇಮಾಮಸಾಬರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಗುರುಪಾದಪ್ಪನವರ ಮಗಳು ಶಾಂತಾ ಹೆರಿಗೆಗೆ ಬಂದ ಮೇಲೆ ಎಲ್ಲರಿಗೂ ನೆನಪಾಯಿತು. ಇಮಾಮಸಾಬರು ಕೆಳಗಿನಿಂದ ಚಾಣ ಹೊಡೆದು ಮೂರಿಂಚು ಕೊರೆದರು, ಸಾಗವಾನಿ ಗೂಟ ಬಡಿದು ಅದರಲ್ಲಿ ಕೊಂಡಿ ತಿರುಗಿಸಿದರು. ನೂರು ಕಿಲೋದ ಚೀಲ ಕಟ್ಟಿ ನೋಡಲು ಹೇಳಿದವನು ನಾನು. ಅದು ನಿಂತದ್ದು ಇಪ್ಪತ್ತು ನಿಮಿಷ.

ಗುರುಪಾದಪ್ಪನವರ ತಾಯಿ ನೀಲವ್ವ ಚೆಲ್ಲಿದ ಜೋಳ ನೋಡುತ್ತ ನಿಂತರು. “ಇದು ಚೀಲ ಇತ್ತು ಇಮಾಮ. ಕೂಸಿದ್ದಿದ್ರ?”

ಇಮಾಮಸಾಬರು ಬಿದ್ದ ಗೂಟ ಎತ್ತಿಕೊಂಡು ತಿರುಗಿಸಿ ನೋಡಿದರು.

ಉಳಿದ ದಾರಿ ಒಂದೇ. ನಾಲ್ಕಿಂಚಿನ ಸ್ಲ್ಯಾಬನ್ನು ಆರಪಾರ ಕೊರೆದು, ಕೆಳತುದಿಗೆ ಕೊಂಡಿಯಿರುವ ಬೋಲ್ಟ್ ತೂರಿಸಿ, ಮಾಳಿಗೆಯ ಮೇಲೆ ಕಬ್ಬಿಣದ ಪ್ಲೇಟಿಟ್ಟು ನಟ್ಟು ಬಿಗಿಯುವುದು. ಗುರುಪಾದಪ್ಪ ಒಪ್ಪಲಿಲ್ಲ.

“ಹೊಸಾ ಮಾಳಗಿಗೆ ತೂತು ಹೊಡಿತೀರೇನ್ರಿ? ಮುಂದಿನ ತಿಂಗಳ ಮಳಿ ಐತಿ. ಸೋರಿದ್ರ?”

“ಸೋರಿದ್ರ ಕೊಡಾ ಇಡೂಣು,” ಎಂದರು ನೀಲವ್ವ. “ಕೂಸು ಬಿದ್ರ ಏನ್ ಇಡ್ತಿ?”

ಬುಧವಾರ ಮೇಲಿನಿಂದ ಕೊರೆಯಲು ಶುರು ಮಾಡಿದೆವು. ಕರೆಂಟಿನ ಡ್ರಿಲ್ ನಮ್ಮ ಕಡೆ ಸಿಗುತ್ತಿರಲಿಲ್ಲ. ಅದೇ ಚಾಣ, ಅದೇ ಸುತ್ತಿಗೆ. ಹಳೆಯ ತೂತಿನ ಅಂಚು ಒಡೆದಿದ್ದರಿಂದ ಅದನ್ನು ಬಿಟ್ಟು, ನಕ್ಷೆ ನೋಡಿ, ಸರಳುಗಳ ನಡುವೆ ಬರುವಂತೆ ಒಂದಡಿ ಆಚೆ ಗುರುತು ಹಾಕಿದೆ. ಮೂರಿಂಚು ಇಳಿಯುವಷ್ಟರಲ್ಲಿ ಸಪ್ಪಳ ಬದಲಾಯಿತು.

“ನಿಮ್ಮ ನಕ್ಷಾದಾಗಿನ ಸರಳು ಬ್ಯಾರೆ ಕಡೆ ಐತ್ರಿ ಸಾಹೇಬ್ರ,” ಎಂದರು ಇಮಾಮಸಾಬರು. “ಮಾಳಗ್ಯಾಗಿನ ಸರಳು ಇಲ್ಲೈತಿ.”

ಎರಡಿಂಚು ಸರಿಸಿ ಮತ್ತೆ ಹೊಡೆದರು. ಸಂಜೆಗೆ ತೂತಿನಲ್ಲಿ ಪಡಸಾಲೆಯ ನೆಲ ಕಂಡಿತು. ಗುರುವಾರ ಬಾಗೇವಾಡಿಯ ಕಮ್ಮಾರನಿಂದ ಪ್ಲೇಟು ಬಂತು. ಈ ಸಲ ಎರಡು ಚೀಲ ಕಟ್ಟಿದೆವು. ಗುರುಪಾದಪ್ಪ ಅಂಗಡಿ ಬಿಟ್ಟು ಬಂದು ಬಂದು ತಲೆ ಎತ್ತಿ ನೋಡಿ ಹೋಗುತ್ತಿದ್ದರು. ನಾನು ಮಾಳಿಗೆ ಹತ್ತಿ ನಟ್ಟು ಮುಟ್ಟಿ ನೋಡಿದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ಶುಕ್ರವಾರ ಚೀಲ ಇಳಿಸಿದ ಮೇಲೆ ಇಮಾಮಸಾಬರು, “ಮೊದ್ಲ ನಾ ತೂಗತೇನಿ,” ಎಂದು ಕೊಂಡಿ ಹಿಡಿದು ಜೋತುಬಿದ್ದರು.

ಬಾಗಿಲಲ್ಲಿ ಕೂಸು ಹಿಡಿದು ನಿಂತಿದ್ದ ಶಾಂತಾ ನಕ್ಕಳು. “ಕಾಕಾ, ನಿಮಗೇನ್ ಹೆಸರಿಡೂಣು?”

ಮಧ್ಯಾಹ್ನ ತೊಟ್ಟಿಲು ಕಟ್ಟಿದರು.

ಜೂನಿನ ಮಳೆಗೆ ಬೋಲ್ಟಿನ ಸುತ್ತ ಅಂಗೈಯಗಲ ತೇವ ಕಂಡಿತು. ಪ್ಲೇಟಿನ ಮೇಲೆ ಡಾಂಬರು ಬಳಿಸಿದೆ. ಅಂದಿನಿಂದ ಯಾವ ಮನೆಗೇ ಆಗಲಿ, ಸ್ಲ್ಯಾಬ್ ಹಾಕುವ ಮುನ್ನಾದಿನ ಆ ಮನೆಯ ಹೆಣ್ಣುಮಕ್ಕಳನ್ನು ಕರೆಸಿ ಎಲ್ಲೆಲ್ಲಿ ಏನು ತೂಗುಹಾಕುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ.

ಆ ಮನೆಗೆ ನಾನು ಕೊನೆಯ ಸಲ ಹೋದದ್ದು 1979ರಲ್ಲಿ. ಕೊಂಡಿಗೆ ಜೋಕಾಲಿಯ ಹಗ್ಗವಿತ್ತು. ಮಾಳಿಗೆಯ ಮೇಲೆ, ಪ್ಲೇಟಿನ ಡಾಂಬರು ನಾನು ಬಳಿಸಿದ್ದಲ್ಲ, ಆ ವರ್ಷವೇ ಹೊಸದಾಗಿ ಬಳಿದದ್ದಾಗಿತ್ತು.